ಗೋಡಿ ಮ್ಯಾಲಿನ ಅಕ್ಕ

ಚಿತ್ರ ತೂಗು ಹಾಕಿದ್ರ ಜನ ಸುಮ್ಮನ ನೋಡಿ ಹೋಗ್ತಾರ ಅಂತ ಜೀವಮಾನ ಎಲ್ಲಾ ನಂಬಿದ್ದೆ. ಡ್ರಾಯಿಂಗ್ ಮಾಸ್ತರಿಕಿಯಿಂದ ರಿಟೈರ್ ಆದ ಮ್ಯಾಲೆ, ಗೆಳೆಯರ ಜೊತಿ ಹೊಸಪೇಟ್ಯಾಗ ಒಂದು ಹಾಲ್ ಹಿಡಿದು ಚಿತ್ರ ಪ್ರದರ್ಶನ ಇಟ್ವಿ ನೋಡ್ರಿ, ಆ ನಂಬಿಕಿ ಅವತ್ತಿಗೇ ಹೋತು. ಬಾಗಿಲದಾಗ ಕುಂತು, ಬಂದವರನ್ನ "ಯಾವ ಚಿತ್ರ ಮನಸಿಗೆ ಬಂತ್ರಿ? ಯಾಕ?" ಅಂತ ಕೇಳೋದು ನನ್ನ ಕೆಲಸ. ಒಂದು ವಾರ ಕೇಳಿದೆ. ಇನ್ನ ಈ ಜನ್ಮದಾಗ ಕೇಳಂಗಿಲ್ಲ.

ಖರೇ ಹೇಳ್ಬೇಕಂದ್ರ ನಾನು ಕಾಯ್ತಿದ್ದದ್ದು ಒಬ್ಬರ ಮಾತಿಗೆ. ಅಲ್ಲಿ ನಂದು ಒಂದೇ ಚಿತ್ರ ಇತ್ತು. ನಮ್ಮ ಮನಿಯಾಕಿ ರೇಷ್ಮಿ ಸೀರಿ ಉಟ್ಟು ಕುಂತಿದ್ದು. ಬಿಡಿಸೋ ಮುಂದ ಅಕಿ ಒಮ್ಮೆನೂ ಎದ್ದು ಬಂದು ನೋಡ್ಲಿಲ್ಲ. ಒಂದು ಷರತ್ತು ಮಾತ್ರ ಹಾಕಿದ್ಲು.

"ಕಡೇ ದಿನ ಬಂದು ನೋಡ್ತೀನಿ. ನನ್ನ ಹೋಲಿಕಿ ಬಂದಿಲ್ಲ ಅಂದ್ರ ನಿಮ್ಮ ಬಣ್ಣ, ಬ್ರಷ್ಷು ಎಲ್ಲಾ ಅಟ್ಟಕ್ಕ. ಮನಿ ತುಂಬ ಆ ಎಣ್ಣಿ ವಾಸನಿ ಸಾಕಾಗೇತಿ."

ಅಕಿ ಹೇಳಿದ್ಲು ಅಂದ್ರ ಮಾಡಾಕಿನ. ಹಿಂಗಾಗಿ ದಿನಾ ಆ ಚಿತ್ರದ ಮುಂದ ನಿಂತು, ಮೂಗು ಸರಿ ಬಂದೈತೋ ಇಲ್ಲೋ ಅಂತ ನೋಡಿ ನೋಡಿ ಉಸಿರು ಬಿಡ್ತಿದ್ದೆ.

ಖಾಲಿ ರಸ್ತೆ

ಸಂಡೂರು ಕಡೆ ಅದಿರು ಹೊಡಿಯೋ ಲಾರಿ ಡ್ರೈವರ್ ಒಬ್ಬ ಬಂದ. ಗೆಳೆಯನೊಬ್ಬ ಗುಡ್ಡದ ನಡುವಿನ ರಸ್ತೆ ಬಿಡಿಸಿದ್ದ. ಅದರ ಮುಂದ ನೆಲದ ಮ್ಯಾಲೆ ಕುಂತವ ಏಳಲೇ ಇಲ್ಲ. ಯಾಕಪ್ಪಾ ಅಂತ ಕೇಳಿದೆ.

"ಎದುರಿಗೆ ಒಂದೂ ಗಾಡಿ ಇಲ್ಲ ರೀ. ಹಿಂಗ ರೋಡು ನೋಡಿ ಭಾಳ ವರ್ಷ ಆತು," ಅಂದ. ಅವನ ಕಣ್ಣು ಒದ್ದಿ ಆಗಿದ್ವು. ಹೋಗೋ ಮುಂದ ಕೇಳಿದ, "ಇದು ಯಾವ ಊರಿಗೆ ಹೋಗ್ತೈತ್ರಿ?"

ಗೆಳೆಯ ಎದಿ ಉಬ್ಬಿಸಿ, "ಅದು ನನ್ನ ಕಲ್ಪನೆಯ ರಸ್ತೆ," ಅಂದ.

"ಅದಕ್ಕ ತಗ್ಗು ಇಲ್ಲ ಬಿಡ್ರಿ," ಅಂತ ಡ್ರೈವರ್ ಎದ್ದು ಹೋದ.

ಆನಿ ಎಲ್ಲೈತಿ?

ಇನ್ನೊಬ್ಬ ಗೆಳೆಯಂದು ಬರೇ ಕೆಂಪು ಬಣ್ಣದ ಚಿತ್ರ. ಅದು ಏನು ಅಂತ ಅವಂಗೂ ಗೊತ್ತಿರಲಿಲ್ಲ. ಹಂಪಿ ಗೈಡ್ ಒಬ್ಬ ರಜಾ ಅಂತ ಹೆಂಡ್ತಿ ಮಕ್ಕಳ ಜೊತಿ ಬಂದಿದ್ದ. ನಾಕು ಮಂದಿ ಗುಂಪು ಕಂಡಿದ್ದೇ ತಡ, ಅವನ ಬಾಯಿ ತಡೀಲಿಲ್ಲ.

"ಎಲ್ಲಾರೂ ಈ ಕಡೆ ಬರ್ರಿ. ಈ ಕೆಂಪು ಕಾಣ್ತೈತಲ್ರಿ, ಇದು ಅರಮನಿಗೆ ಬಿದ್ದ ಬೆಂಕಿ. ಆ ಸಣ್ಣ ಚುಕ್ಕಿ ಐತಲ್ಲ, ಅದು ಪಟ್ಟದಾನಿ. ಜೀವ ಉಳಿಸ್ಕೊಳ್ಳಾಕ ಓಡಾಕತ್ತೈತಿ."

ಚಿತ್ರ ಬಿಡಿಸಿದವ ಹಿಂದೇ ನಿಂತಿದ್ದ. "ಆನಿ ಎಲ್ಲೈತ್ರಿ?" ಅಂದ.

"ನೀವು ಸ್ವಲ್ಪ ಬಲಕ್ಕ ಸರೀರಿ, ಕಾಣ್ತೈತಿ."

ಇವ ಸರಿದ. ಸಂಜಿಗೆ ನನ್ನ ಹತ್ರ ಬಂದು ಕಿವ್ಯಾಗ ಕೇಳಿದ, "ಮಾಸ್ತರ, ಆ ಆನಿ ಬದುಕ್ತಂತೇನು?"

ಕಂಪ್ಲಿಯಿಂದ ಬಂದ ರೈಸ್ ಮಿಲ್ ಸಾಹುಕಾರರಿಗೆ ಎಲ್ಲಕ್ಕಿಂತ ಹಾಲಿನ ಫ್ಯಾನು ಮನಸಿಗೆ ಬಂತು. ಅದು ಪ್ರದರ್ಶನದ್ದಲ್ರಿ ಅಂದೆ. "ಇರಲಿ, ನೀವು ಕೇಳಿದ್ರಿ, ನಾನು ಹೇಳಿದೆ," ಅಂದ್ರು.

ಮಾಲಿ

ಕಡೇ ದಿನ ಮನಿಯಾಕಿನ್ನ ಕರ್ಕೊಂಡು ಬರಾಕ ಹೋದೆ. ಆಟೋದಾಗ ದಾರಿ ತುಂಬ ನನಗ ಬ್ರಷ್ಷಿನ ಚಿಂತಿ.

ಹಾಲಿನೊಳಗ ಕಾಲಿಟ್ರ ಊದಿನಕಡ್ಡಿ ಘಮ ಅಂತೈತಿ. ನೋಡ್ತೀನಿ, ನನ್ನ ಚಿತ್ರಕ್ಕ ಚೆಂಡುಹೂವಿನ ಮಾಲಿ! ಹಾಲ್ ಕಸ ಹೊಡಿಯೋ ಅಮ್ಮ ಕೈ ಕಟ್ಟಿ ನಿಂತಾಳ.

"ದಿನಾ ಈ ಫೋಟೋ ಮುಂದ ನಿಂತು ಉಸಿರು ಬಿಡ್ತೀರಿ, ನೋಡಾಕ ಆಗ್ಲಿಲ್ರಿ ಸರ. ನಾನೇ ತಂದು ಹಾಕ್ದೆ. ಹೋಗಿ ಭಾಳ ದಿನ ಆತೇನ್ರಿ?"

ಚಿತ್ರ ನೋಡಾಕ ಬಂದಿದ್ದ ಗಾದಿಗನೂರಿನ ಒಂದು ಕುಟುಂಬ ಆಗಲೇ ಚಪ್ಪಲಿ ಬಿಟ್ಟು, ತಲಿ ತಗ್ಗಿಸಿ ಸಾಲಾಗಿ ನಿಂತಿತ್ತು. ಅವರ ಅಜ್ಜಿ ಸೆರಗಿನಿಂದ ಕಣ್ಣು ಒರೆಸ್ಕೊಂತ ನಮ್ಮಾಕಿ ಕಡೆ ತಿರುಗಿದ್ಲು. ಒಮ್ಮೆ ಚಿತ್ರ ನೋಡಿದ್ಲು, ಒಮ್ಮೆ ಇಕಿ ಮುಖ ನೋಡಿದ್ಲು.

"ಅದೇ ಮೂಗು, ಅದೇ ಕಣ್ಣು. ತಂಗಿ ಏನವ್ವಾ?"

ಇನ್ನೇನು ಬೈತಾಳ ಅನ್ಕೊಂಡ್ರ, ನಮ್ಮಾಕಿ ಸೆರಗು ಎಳ್ಕೊಂಡು ತಾಳಿ ಮುಚ್ಚಿದ್ಲು. ಆಗಲೇ ನನಗ ಡೌಟ್ ಬಂತು.

"ಹೌದ್ ಯವ್ವಾ. ನಮ್ಮಕ್ಕ. ಭಾಳ ಒಳ್ಳೇಕಿ ಇದ್ಲು," ಅಂದು, ನನ್ನ ಕಡೆ ಬಗ್ಗಿ ಮೆಲ್ಲಕ, "ಹೋಲಿಕಿ ಬಂದೈತಿ. ನಿಮ್ಮ ಬ್ರಷ್ಷು ಉಳೀತು," ಅಂದ್ಲು.

ಎಷ್ಟು ಖುಷಿ ಆತು ಅಂದ್ರ ಅಲ್ಲೇ ಕುಣಿಬೇಕು ಅನಿಸ್ತು. ಹೆಂಡ್ತಿ ಸತ್ತವ ಹಲ್ಲು ಕಿಸಿದ್ರ ಚಂದ ಇರಂಗಿಲ್ಲ ಅಂತ ಗೋಡಿ ಕಡೆ ಮುಖ ಮಾಡಿದೆ. ಅಜ್ಜಿ ಅದನ್ನ ಅಳು ಅನ್ಕೊಂಡ್ಲು, ಪಾಪ.

"ಅಳಬ್ಯಾಡ್ರಿ ಯಪ್ಪಾ," ಅಂತ ನನಗಂದು, ನಮ್ಮಾಕಿ ಕೈ ಹಿಡಿದ್ಲು. "ನಿನಗ ಮದುವಿ ಆಗೇತೇನವ್ವಾ?"

"ಇಲ್ಲ ಯವ್ವಾ."

"ಮತ್ತ ಇನ್ನೇನು? ಅಕ್ಕ ಬಾಳಿದ ಮನಿ. ನೀನೇ ಇವರನ್ನ ಮದುವಿ ಆಗು. ನಮ್ಮ ಕಡೆ ಹಂಗ ಮಾಡ್ತಾರ."

ನಮ್ಮಾಕಿ ನನ್ನ ಅಡಿಯಿಂದ ಮುಡಿತನಕ ಒಮ್ಮೆ ನೋಡಿದ್ಲು.

"ಬ್ಯಾಡ ಯವ್ವಾ. ಅಕ್ಕ ಹೋಗೋ ಮುಂಚೆ ನನಗ ಎಲ್ಲಾ ಹೇಳಿ ಹೋಗ್ಯಾಳ."