ಅಕ್ಕನ ಮದುವೆಯ ಅರ್ಧ ಹಾಡು

ಒಂದು ಗ್ರಾಮಫೋನ್ ಪ್ಲೇಟನ್ನು ತೊಳೆದು ಒಣಗಿಸಲು ಎಷ್ಟು ಓದಿರಬೇಕು? ಬಿ.ಎ. ಧಾರಾಳವಾಗಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲನೆಯವನು ನಾನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾಗಿ ಹೊಸಪೇಟೆಯಲ್ಲಿ ಮನೆ ಕಟ್ಟಿದವನು. ಒಂದು ಪ್ಲೇಟು ನನ್ನನ್ನು ಏನು ಮಾಡೀತು?

ಐವತ್ತರ ದಶಕದ ಶುರುವಿನ ಮಾತು. ಆಗ ತುಂಗಭದ್ರೆಗೆ ಅಣೆಕಟ್ಟು ಕಟ್ಟುತ್ತಿದ್ದರು. ನಾವಿದ್ದದ್ದು ಡ್ಯಾಮಿನ ಕೂಲಿಗಳ ಕ್ಯಾಂಪಿನಲ್ಲಿ. ಅಪ್ಪ ಕಲ್ಲು ಒಡೆಯುತ್ತಿದ್ದ. ಅಕ್ಕ ಹುಲಿಗೆಮ್ಮ ಮಣ್ಣಿನ ಪುಟ್ಟಿ ಹೊರುತ್ತಿದ್ದಳು. ನಾನು ಪುಸ್ತಕ ಹೊರುತ್ತಿದ್ದೆ. ನನ್ನ ಹೊರೆ ಹಗುರವಾಗಲೆಂದೇ ಅವಳ ಹೊರೆ ಭಾರವಾಗಿತ್ತು ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಹೊಳೆಯಲು ತಲೆಯಲ್ಲಿ ಜಾಗವಾದರೂ ಎಲ್ಲಿತ್ತು? ಅಲ್ಲೆಲ್ಲ ಸಿನಿಮಾ ಹಾಡುಗಳೇ ತುಂಬಿದ್ದವು!

ಕ್ಯಾಂಪಿನ ಚಹಾ ಹೋಟೆಲಿನಲ್ಲಿ ಕೀಲಿ ಕೊಡುವ ಗ್ರಾಮಫೋನೊಂದಿತ್ತು. ಊರೂರಿನ ಕೂಲಿಗಳು ಇದ್ದುದರಿಂದ ಹಾಡುಗಳೂ ಊರೂರಿನವು. ತೆಲುಗು ಮುಗಿದರೆ ತಮಿಳು, ತಮಿಳು ಮುಗಿದರೆ ಹಿಂದಿ, ನಡುವೆ ಒಂದು ಕನ್ನಡ. ನಾವು ಹದಿನೈದು ವರ್ಷದ ಹುಡುಗರು ತಲೆಗೆ ಎಣ್ಣೆ ಬಳಿದು, ಹಣೆಯ ಮೇಲೆ ಒಂದು ಗುಂಗುರು ಎಳೆಯನ್ನು ಬಲವಂತವಾಗಿ ಇಳಿಬಿಟ್ಟು, ನಾಲ್ವರಿಗೆ ಒಂದು ಚಹಾ ಹೇಳಿ, ಏಳೆಂಟು ಹಾಡು ಕೇಳಿ ಎದ್ದು ಬರುತ್ತಿದ್ದೆವು. ಗುಂಪಿನಲ್ಲಿ ಪ್ಲೇಟಿನ ಮೇಲಿನ ಅಕ್ಷರ ಓದಬಲ್ಲವನು ನಾನೊಬ್ಬನೇ. ಹಾಗಾಗಿ ಹೋಟೆಲಿನ ಮಾಲೀಕರು ಕೀಲಿ ಕೊಡುವ ಪದವಿಯನ್ನು ನನಗೇ ದಯಪಾಲಿಸಿದ್ದರು. ಮುಂದೆ ಬಂದ ಬಿ.ಎ. ಪದವಿಗೂ ನಾನು ಅಷ್ಟು ಬೀಗಿರಲಿಲ್ಲ.

ಅಕ್ಕನಿಗೆ ಒಂದು ತೆಲುಗು ಹಾಡೆಂದರೆ ಪ್ರಾಣ. ಹೆಣ್ಣುಮಕ್ಕಳು ಹೋಟೆಲಿನ ಒಳಗೆ ಬರುವಂತಿಲ್ಲ. ಅವಳು ತಲೆಯ ಮೇಲೆ ಪುಟ್ಟಿ ಹೊತ್ತುಕೊಂಡೇ ಹೊರಗೆ ನಿಲ್ಲುತ್ತಿದ್ದಳು. ಅರ್ಧ ಹಾಡಾಗುವಷ್ಟರಲ್ಲಿ ಮೇಸ್ತ್ರಿ ಕೂಗುತ್ತಿದ್ದ. ಮದುವೆ ಗೊತ್ತಾದಾಗ ಅವಳು ಸೀರೆ ಕೇಳಲಿಲ್ಲ, ಬಳೆ ಕೇಳಲಿಲ್ಲ. "ತಮ್ಮಾ, ನನ್ನ ಮದುವಿ ದಿನ ಆ ಹಾಡು ಪೂರಾ ಕೇಳಸ್ಬೇಕು ನೋಡು" ಎಂದಳು. ನಾನು ಹೋಟೆಲಿನವರ ಕೈಕಾಲು ಹಿಡಿದು ಗ್ರಾಮಫೋನನ್ನು ಚಪ್ಪರಕ್ಕೆ ತಂದೆ. ಅಕ್ಷತೆ ಬಿತ್ತು. ಪ್ಲೇಟು ಹಾಕಿದೆ. ಹಾಡು ಶುರುವಾಯಿತು. ಕಂಪ್ಲಿಯಿಂದ ಬಂದ ಬೀಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವರು ನೋಡುತ್ತಿದ್ದಾರಲ್ಲ ಎಂದು ಇನ್ನೆರಡು ಸುತ್ತು ಕೀಲಿ ಕೊಟ್ಟೆ. ಆಮೇಲೆ ಇನ್ನೆರಡು.

ಒಳಗೆ ಸ್ಪ್ರಿಂಗು 'ಟಣ್' ಎಂದಿತು. ಹಾಡು ಎಮ್ಮೆಯ ದನಿಗೆ ಇಳಿದು, ಒಮ್ಮೆ ನರಳಿ, ನಿಂತಿತು.

ಅಂದಿನಿಂದ ಐವತ್ತು ವರ್ಷ, ನಾನು ಕಂಪ್ಲಿಗೆ ಹೋದಾಗಲೆಲ್ಲ ಅಕ್ಕ ಬಾಗಿಲಲ್ಲೇ ನಿಂತು ಓಣಿಗೆಲ್ಲ ಕೇಳುವಂತೆ ಸಾರುತ್ತಿದ್ದಳು: "ಬಂದ ನೋಡ್ರೆವಾ, ನನ್ನ ಹಾಡು ಅರ್ಧಕ್ಕ ನಿಲ್ಲಿಸಿದವ." ನಾನು ಬಿ.ಎ. ಪಾಸಾಗಿ ಸಿಹಿ ಹಂಚಲು ಹೋದ ದಿನವೂ ಅದೇ ಸ್ವಾಗತ. ಕೇಳಿದವರು ನಗುತ್ತಿದ್ದರು. ನನಗೆ ಮಾತ್ರ ಪ್ರತಿಸಲವೂ ಒಳಗೆ ಅದೇ 'ಟಣ್'.

ಈಗ ಕಬ್ಬಿಣದ ಅದಿರಿನ ಗಣಿಗಾರಿಕೆಯ ಕಾಲಕ್ಕೆ ಬರೋಣ. ಸಂಡೂರಿನಿಂದ ಬರುವ ಲಾರಿಗಳ ಸಾಲಿಗೆ ಕೊನೆ ಇರಲಿಲ್ಲ. ರಸ್ತೆ ಕೆಂಪು, ಮರ ಕೆಂಪು, ನನ್ನ ಬಿಳಿ ಅಂಗಿಯೂ ಕೆಂಪು. ನನ್ನ ಹಳೆಯ ವಿದ್ಯಾರ್ಥಿ ಬಸವರಾಜ ಎಸ್ಸೆಸ್ಸೆಲ್ಸಿಯನ್ನು ಮೂರು ಸಲ ಬರೆದು, ಮೂರು ಸಲವೂ ಅದನ್ನು ಅಲ್ಲಿಯೇ ಬಿಟ್ಟು ಬಂದವನು. ಈಗ ಅವನಿಗೆ ಹನ್ನೆರಡು ಲಾರಿ. ಅವನ ಹೊಸ ಬಂಗಲೆಯ ಗೃಹಪ್ರವೇಶಕ್ಕೆ ಹೋದೆ. ನಡುಮನೆಯ ಶೋಕೇಸಿನಲ್ಲಿ ಏನಿದೆ? ಕೀಲಿಯ ಗ್ರಾಮಫೋನು, ಅದರ ಮೇಲೊಂದು ಪ್ಲೇಟು!

"ಬಸವರಾಜ, ಇದು ನಡಿತದೇನಪಾ?"

"ಯಾರಿಗ್ಗೊತ್ರಿ ಸರ. ಇಂಟೀರಿಯರ್‌ನವರು ತಂದಿಟ್ಟಾರ. ಗ್ವಾಡಿ ಬಣ್ಣಕ್ಕ ಹೊಂದತದಂತ."

ಮೂರೇ ಮೂರು ಸುತ್ತು ಕೀಲಿ ಕೊಟ್ಟೆ. ಗರಗರ ಸದ್ದಿನ ನಡುವೆ ಒಂದು ದನಿ ಎದ್ದಿತು. ಅದೇ ಹಾಡು. ನನ್ನ ಮೈಮೇಲಿನ ಕೂದಲು ನೆಟ್ಟಗಾಯಿತು. ತಕ್ಷಣ ಪಿನ್ನು ಎತ್ತಿದೆ. ಮುಂದಿನದನ್ನು ಅಕ್ಕನ ಜೊತೆಗೇ ಕೇಳಬೇಕು. ಮಶೀನು, ಪ್ಲೇಟು ಎರಡನ್ನೂ ಎರಡು ದಿನಕ್ಕೆಂದು ಬೇಡಿಕೊಂಡು, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಅಕ್ಕನಿಗೆ ಫೋನು ಮಾಡಿದೆ. ನಾಳೆ ನಾಲ್ಕು ಗಂಟೆಯ ಹೊತ್ತಿಗೆ ಬರುತ್ತೇನೆಂದಳು. ಬಸವರಾಜನನ್ನು ಮುಖ್ಯ ಅತಿಥಿಯಾಗಿ ಆಹ್ವಾನಿಸಿದೆ.

ಮರುದಿನ ಬೆಳಿಗ್ಗೆ ಗರಗರದ ಕಾರಣ ಪತ್ತೆಯಾಯಿತು. ಪ್ಲೇಟಿನ ಗೆರೆಗೆರೆಯಲ್ಲೂ ಸಂಡೂರಿನ ಅದಿರಿನ ಧೂಳು. ಸೀಗೆಪುಡಿ ಹಾಕಿ ಉಜ್ಜಿದೆ. ಕೆಂಪು ನೀರು ಹೋಯಿತು. ಅದರ ಜೊತೆಗೆ ಪ್ಲೇಟಿನ ಹೆಸರಿನ ಚೀಟಿಯೂ ಹೋಯಿತು. ಹೋಗಲಿ, ಹಾಡಿಗೆ ಹೆಸರೇಕೆ? ಮಾಳಿಗೆಯ ಮೇಲೆ ನನ್ನ ಹೆಂಡತಿ ಶಾಂತಾ, ಲಾರಿ ಧೂಳು ಬೀಳದಂತೆ ತೆಳುವಾದ ಪಂಚೆ ಹೊದಿಸಿ ಹಪ್ಪಳ ಒಣಗಿಸಿದ್ದಳು. ಹಪ್ಪಳಕ್ಕೆ ಇರುವ ರಕ್ಷಣೆ ಹಾಡಿಗೆ ಬೇಡವೇ? ಎರಡು ಹಪ್ಪಳದ ನಡುವೆ ಪ್ಲೇಟನ್ನು ಇಟ್ಟು ಪಂಚೆ ಮುಚ್ಚಿ, ಕೆಳಗೆ ಬಂದು ಸ್ವಾಗತ ಭಾಷಣ ಬರೆಯಲು ಕುಳಿತೆ. ಅದು ಏಪ್ರಿಲ್ ತಿಂಗಳು. ಹೊಸಪೇಟೆಯ ಮಟಮಟ ಮಧ್ಯಾಹ್ನ. ಭಾಷಣ ನಾಲ್ಕನೆಯ ಪುಟಕ್ಕೆ ಬಂದಿತ್ತು.

"ರೀ, ಜಲ್ದಿ ಬರ್ರಿ ಮ್ಯಾಲೆ. ನಿಮ್ಮ ಪ್ಲೇಟು ಬಟ್ಟಲಾಗೇತಿ."

ಓಡಿದೆ. ಅಂಚುಗಳೆಲ್ಲ ಮೇಲೆದ್ದು ಪ್ಲೇಟು ಅಂದವಾದ ಬಟ್ಟಲಾಗಿತ್ತು. ಅದರಲ್ಲಿ ಸಾರು ಹಾಕಿಕೊಂಡು ಉಣ್ಣಬಹುದಿತ್ತು. ಅಕ್ಕಪಕ್ಕದ ಹಪ್ಪಳಗಳು ಮಾತ್ರ ಚಪ್ಪಟೆಯಾಗಿ, ನೆಮ್ಮದಿಯಾಗಿ ಮಲಗಿದ್ದವು.

ಧೈರ್ಯಗೆಡಲಿಲ್ಲ. ಓದಿದವನು ಯೋಚಿಸುತ್ತಾನೆ. ಬಿಸಿಯಿಂದ ಬಾಗಿದ್ದು ಭಾರದಿಂದ ನೆಟ್ಟಗಾಗಲೇಬೇಕು. ಕೆಳಗೆ ತಂದು ನೆರಳಲ್ಲಿಟ್ಟು ಚೆನ್ನಾಗಿ ಆರಿಸಿದೆ. ಒತ್ತಲು ಸಮತಟ್ಟಾದ ಗಾಜು ಬೇಕಿತ್ತು. ಗೋಡೆಯ ಮೇಲೆ ನನ್ನ ಬಿ.ಎ. ಸರ್ಟಿಫಿಕೇಟಿನ ಚೌಕಟ್ಟು ಕಾಣಿಸಿತು. ಅದನ್ನು ಇಳಿಸಿ ಪ್ಲೇಟಿನ ಮೇಲಿಟ್ಟೆ. ಚೌಕಟ್ಟಿನ ಮೇಲೆ ರುಬ್ಬುವ ಗುಂಡು ಇಟ್ಟೆ.

ಎರಡು ಸದ್ದು ಕೇಳಿದವು. ಮೊದಲನೆಯದು ಗಾಜು. ಎರಡನೆಯದು ಪ್ಲೇಟು. ಮೂರು ತುಂಡು!

ಶಾಂತಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಬಿಸಿ ಇದ್ದಾಗ ಕೈಲೆ ಒತ್ತಿದ್ರ ಮೆತ್ತಗ ಕುಂದರ್ತಿತ್ತಲ್ರಿ. ಆರಿಸಿ ಒತ್ತಿದ್ರ ಒಡಿಲಾರ್ದ ಏನ್ಮಾಡ್ತದ?"

"ನಿನಗ್ಯಾರು ಹೇಳಿದ್ರು ಇದನ್ನ?"

"ಯಾರ್ ಹೇಳ್ಬೇಕು? ನಿಮಗ ಹಪ್ಪಳದಾಗ ಇಡಾಕ ಯಾರ್ ಹೇಳಿದ್ರೋ ಅವ್ರ."

ನಾಲ್ಕು ಗಂಟೆಗೆ ಬಸವರಾಜ ಬಂದ. ಹಿಂದೆಯೇ ಅಕ್ಕ ಬಂದಳು. ಎಪ್ಪತ್ತು ದಾಟಿದ ಜೀವ, ಹೊಸ ಸೀರೆ ಉಟ್ಟು, ಮುಡಿಗೆ ಮಲ್ಲಿಗೆ ಮುಡಿದು ಬಂದಿದ್ದಳು. ಆ ಮಲ್ಲಿಗೆ ನೋಡಿದ ಮೇಲೆ ನನಗೆ ಭಾಷಣದ ಒಂದು ಸಾಲೂ ನೆನಪಾಗಲಿಲ್ಲ. ಮೂರು ತುಂಡುಗಳನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದೆ.

"ಬಸವರಾಜ, ನಿನ್ನ ಪ್ಲೇಟು..."

"ಹೋಗ್ಲಿ ಬಿಡ್ರಿ ಸರ. ಇಂಟೀರಿಯರ್‌ನವ್ರು ಇನ್ನೊಂದು ತಂದಿಡ್ತಾರ" ಎಂದ ಅವನು. ಮೂರು ಸಲ ಫೇಲಾದವನಿಗೆ ಇನ್ನೊಬ್ಬರ ಫೇಲು ಬೇಗ ಅರ್ಥವಾಗುತ್ತದೆ.

ಅಕ್ಕ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ನಾನು ಹೇಳಿದೆ: "ಅಕ್ಕಾ, ತಪ್ಪಾತು. ಉಳಿದರ್ಧ ಹಾಡು ಈ ಸಲನೂ ನಿನಗ ಕೇಳಸಾಕ ಆಗ್ಲಿಲ್ಲ."

ಅಕ್ಕ ನನ್ನ ಮುಖ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

"ಅಯ್ಯ ನನ್ನಪ್ಪಾ, ಆ ಹಾಡು ನಾ ಯಾವತ್ತೋ ಪೂರಾ ಕೇಳೀನಿ. ಮದುವಿ ಆಗಿ ಎರಡು ತಿಂಗಳಿಗೇ ಕಂಪ್ಲಿಗೆ ಟೂರಿಂಗ್ ಟಾಕೀಸು ಬಂದಿತ್ತು. ನಿಮ್ಮ ಭಾವ ಮೂರು ಸಲ ಕರ್ಕೊಂಡು ಹೋಗಿದ್ದ."

"ಮತ್ತ ಐವತ್ತು ವರ್ಷದಿಂದ ನನಗ್ಯಾಕ ಬೈತಿದ್ದಿ?"

"ನೀ ಓದಿದಾವ. ನಾ ಪುಟ್ಟಿ ಹೊತ್ತಾಕಿ. ನಿನಗ ಬೈಯಾಕ ನನ್ನ ಹತ್ರ ಅದೊಂದ ಇತ್ತಪಾ. ಅದನ್ನೂ ಬಿಡ್ಲೇನು?"

ಬಸವರಾಜ ಗೋಡೆಯ ಕಡೆ ತಿರುಗಿ ನಗು ತಡೆಯಲಾರದೆ ಅಲುಗಾಡುತ್ತಿದ್ದ. ಶಾಂತಾ ಮುಚ್ಚುಮರೆಯಿಲ್ಲದೆ ನಗುತ್ತಿದ್ದಳು. ಅಕ್ಕ ಮಂಚದ ಮೇಲೆ ಕಾಲು ಮಡಿಸಿ ಕುಳಿತು ಹಾಡತೊಡಗಿದಳು. ದನಿ ಒಡೆದಿತ್ತು, ಆದರೆ ಒಂದು ಶಬ್ದವೂ ತಪ್ಪಲಿಲ್ಲ. ಅರ್ಧ ದಾಟಿತು. ಆಗ ನನಗೆ ಅರಿವಾಯಿತು: ಮುಂದಿನ ಸಾಲುಗಳನ್ನು ನಾನು ಐವತ್ತು ವರ್ಷದಿಂದ ಕೇಳಿಯೇ ಇರಲಿಲ್ಲ. ಮದುವೆಯ ದಿನದಿಂದ ಆ ಹಾಡು ಎಲ್ಲಿ ಶುರುವಾದರೂ ನಾಚಿಕೆಯಿಂದ ಎದ್ದು ಹೋಗುತ್ತಿದ್ದವನು ನಾನು. ಕೇಳಿಸಬೇಕಾದದ್ದು ಅವಳಿಗಲ್ಲ, ನನಗೆ.

ಕಣ್ಣು ಒದ್ದೆಯಾಯಿತು. ನನ್ನಿಂದಲೂ ಏನಾದರೂ ಸೇವೆ ಸಲ್ಲಲೆಂದು ಮಂಚದ ಅಂಚಿನ ಮೇಲೆ ತಾಳ ಹಾಕಲು ಬೆರಳೆತ್ತಿದೆ.

ಅಕ್ಕ ಹಾಡು ನಿಲ್ಲಿಸಿದಳು.

"ತಮ್ಮಾ, ನೀ ಏನೂ ಮುಟ್ಟಬ್ಯಾಡ. ಕೈ ಕಟ್ಕೊಂಡು ಕುಂದ್ರು."

ಕೈ ಕಟ್ಟಿ ಕುಳಿತೆ. ಹಾಡು ಪೂರ್ತಿಯಾಯಿತು.