ಇಪ್ಪತ್ತು ಎಣಿಸುವುದರೊಳಗೆ

ಬಾಳಕೃಷ್ಣ ಮಾಸ್ತರರ ಬಿಳಿ ಅಂಗಿಯ ಕಿಸೆಯಲ್ಲಿ ವ್ಯಾನಿನ ರಿಮೋಟ್ ಇತ್ತು. ಬೆಳಿಗ್ಗೆ ಏಳಕ್ಕೆ ಆ ಅಂಗಿ ವಾಷಿಂಗ್ ಮಶೀನಿಗೆ ಬಿತ್ತು. ಎಂಟಕ್ಕೆ ಹೊರಗೆ ಬಂದಾಗ ಅಂಗಿ ಸ್ವಚ್ಛವಾಗಿತ್ತು, ರಿಮೋಟ್ ಅದಕ್ಕಿಂತ ಸ್ವಚ್ಛವಾಗಿತ್ತು. ಗುಂಡಿ ಒತ್ತಿದರೆ ಸಂದಿಯಿಂದ ಸೋಪಿನ ನೊರೆ ಬಂತು.

ಬೇರೆ ದಿನವಾಗಿದ್ದರೆ ಮಾಸ್ತರರು ಅದನ್ನು ಬಿಸಿಲಿಗಿಟ್ಟು ಸುಮ್ಮನಾಗುತ್ತಿದ್ದರು. ಆದರೆ ಅವತ್ತು ಗಡುವಿನ ದಿನ.

ಮಾಸ್ತರರು ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಮೂವತ್ಮೂರು ವರ್ಷ ಭೂಗೋಳ ಕಲಿಸಿದವರು. ಗೋಡೆಯ ನಕಾಶೆಯ ಮೇಲೆ ಬೆತ್ತವಿಟ್ಟು ಹಿಮಾಲಯದಿಂದ ಸಮುದ್ರದವರೆಗೆ ದಿನಕ್ಕೆ ಐದು ಸಲ ಹೋಗಿ ಬಂದವರು. ಸ್ವಂತ ಕಾಲಿನಲ್ಲಿ ನಡೆದು ನೋಡಿದ ಬೆಟ್ಟ ಮಾತ್ರ ಒಂದೂ ಇರಲಿಲ್ಲ. ನಿವೃತ್ತರಾದ ಮೇಲೆ ಗೋವಾದವರೊಬ್ಬರಿಂದ ಹಳೆಯ ಕ್ಯಾಂಪರ್ ವ್ಯಾನ್ ಕೊಂಡರು. ಅದರೊಳಗೆ ಹಾಸಿಗೆ, ಗ್ಯಾಸಿನ ಒಲೆ, ಕೈ ತೊಳೆಯುವ ಬೋಗುಣಿ ಎಲ್ಲ ಇದ್ದವು. ಓಣಿಯವರು ಅದಕ್ಕೆ ‘ಮನಿಗಾಡಿ’ ಎಂದು ಹೆಸರಿಟ್ಟರು. ಎಂಟು ತಿಂಗಳಾದರೂ ಮನಿಗಾಡಿ ಮನೆಯ ಮುಂದಿನಿಂದ ಕದಲಿರಲಿಲ್ಲ. ಒಂದು ವಾರ ಟೈರಿನ ನೆವ, ಇನ್ನೊಂದು ವಾರ ಕಾಗದಪತ್ರದ ನೆವ.

ಕೊನೆಗೆ ಹಿಂದಿನ ರಾತ್ರಿ ಹೆಂಡತಿ ದ್ವಾರಕಾಬಾಯಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. “ನಾಳೆ ಮಧ್ಯಾಹ್ನ ಹನ್ನೆರಡರೊಳಗ ಈ ಗಾಡಿ ಊರಿನ ಅಗಸಿ ದಾಟಿದ್ರ, ನೀವು ಎಲ್ಲಿಗೆ ಕರದ್ರೂ ಬರ್ತೀನಿ. ಇಲ್ಲಂದ್ರ ಬಾಬಾಸಾಬಗ ಮಾರಿಬಿಡ್ರಿ. ಅಂವಾ ಎಗ್‌ರೈಸ್ ಗಾಡಿ ಮಾಡ್ತಾನಂತ.”

ಬಾಬಾಸಾಬ ಎಂಟೂವರೆಗೇ ಟೇಪು ಹಿಡಿದು ಬಂದು ವ್ಯಾನಿನ ಕಿಟಕಿ ಅಳೆಯುತ್ತ ನಿಂತಿದ್ದ.

“ನೀವು ನಿಮ್ಮ ಕೆಲಸಾ ಮಾಡ್ಕೋರಿ ಮಾಸ್ತರ. ನಾ ಸುಮ್ನ ಅಳತಿ ತಗೊಳಾಕತ್ತೀನಿ. ಈ ಕಿಟಕ್ಯಾಗಿಂದ ಪ್ಲೇಟ್ ಕೊಡಾಕ ಅಗದಿ ಚಲೋ ಆಗ್ತೈತ್ರಿ.”

ಮಾಸ್ತರರು ಒಳಗೆ ಹೋಗಿ ಟ್ರಂಕಿನ ತಳದಿಂದ ಬಿಡಿ ಕೀಲಿ ಹುಡುಕಿ ತಂದರು. ಅದರಲ್ಲಿ ಗುಂಡಿಯೂ ಇಲ್ಲ, ದೀಪವೂ ಇಲ್ಲ, ಬರೀ ಕಬ್ಬಿಣ. “ಹಳೇ ಕಾಲದ ವಸ್ತು ಕೈ ಬಿಡೂದಿಲ್ಲ,” ಎಂದು ಬಾಬಾಸಾಬನಿಗೆ ಕೇಳುವಂತೆ ಹೇಳಿ ಬಾಗಿಲಿಗೆ ಹಾಕಿ ತಿರುಗಿಸಿದರು. ಬಾಗಿಲು ತೆರೆಯಿತು. ಅದರ ಜೊತೆಗೇ ಗಾಡಿ ಬಾಯಿ ತೆರೆಯಿತು.

ಅಂಥ ಕೂಗನ್ನು ಅಣ್ಣಿಗೇರಿ ಕೇಳಿರಲಿಲ್ಲ. ನೂರು ಕತ್ತೆಗಳಿಗೆ ಒಂದೇ ಸಲ ಹಲ್ಲು ಕಿತ್ತಂತಿತ್ತು. ನಾಲ್ಕೂ ದೀಪಗಳು ಕಣ್ಣು ಹೊಡೆಯತೊಡಗಿದವು. ಎದುರುಮನೆಯ ಅನ್ನವ್ವ ಹಾಲಿನ ತಂಬಿಗೆ ಹಿಡಿದುಕೊಂಡೇ ಓಡಿಬಂದಳು.

“ಯಪ್ಪಾ ಮಾಸ್ತರ, ಬಂದ್ ಮಾಡ್ರಿ ಅದನ್ನ. ನಮ್ಮ ಎಮ್ಮಿ ಹಾಲ ಏರಿಸಿಕೊಂಡೈತಿ.”

ಮಾಸ್ತರರು ಬಾಗಿಲು ಮುಚ್ಚಿ ಕೀಲಿ ಹಾಕಿದರು. ಕೂಗು ನಿಂತಿತು. ಮತ್ತೆ ತೆರೆದರು. ಮತ್ತೆ ಕೂಗಿತು.

ಅಷ್ಟರಲ್ಲಿ ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ ಶಂಭುಲಿಂಗಪ್ಪ ಕಟಿಂಗ್ ಪ್ಲೇಯರ್ ಸಮೇತ ಹಾಜರಾದರು. ಬೇರೆಯವರ ಮನೆಯಲ್ಲಿ ಏನು ಕೆಟ್ಟರೂ ಅವರ ಮುಖ ಅರಳುತ್ತಿತ್ತು. “ಸರೀರಿ ಬಾಜೂಕ. ಬ್ಯಾಟರಿ ವೈರ್ ತಗದ್ರ ಇದರ ಜೀವಾನ ಹೋಗ್ತೈತಿ,” ಎಂದು ಬಾನೆಟ್ ಎತ್ತಿ ವೈರು ಬಿಚ್ಚಿದರು. ದೀಪಗಳು ಆರಿದವು. ಕೂಗು ಮಾತ್ರ ಇನ್ನೂ ಒಂದು ಸ್ವರ ಮೇಲೇರಿತು. ಶಂಭುಲಿಂಗಪ್ಪ ಕಿವಿ ಮುಚ್ಚಿಕೊಂಡು ಬಗ್ಗಿ ನೋಡಿದರು. “ಇದರ ಹೊಟ್ಟ್ಯಾಗ ಸ್ವಂತದ್ದೊಂದು ಬ್ಯಾಟರಿ ಐತ್ರಿ. ಹುಷಾರ್ ಐತಿ ಮಗಂದು,” ಎಂದು ಮೆಚ್ಚಿಕೊಂಡು ವೈರು ಮತ್ತೆ ಜೋಡಿಸಿದರು. ಅನ್ನವ್ವ ಎರಡು ಕೌದಿ ತಂದು ಬಾನೆಟ್ ಮೇಲೆ ಹೊದಿಸಿದಳು. ಕೌದಿಯೊಳಗಿಂದ ಗಾಡಿ ಚಳಿಜ್ವರ ಬಂದವರ ಹಾಗೆ ನರಳಿತು. ಕೊನೆಗೆ ಮಾಸ್ತರರು ಮತ್ತೆ ಬಾಗಿಲಿಗೆ ಕೀಲಿ ಹಾಕಿದಾಗಲೇ ಸುಮ್ಮನಾಯಿತು.

ಹತ್ತೂವರೆಗೆ ಮಾಸ್ತರರು ವ್ಯಾನಿನ ಕೈಪಿಡಿ ತಂದು, ಅಟ್ಲಾಸ್ ನೋಡುವ ಭೂತಗನ್ನಡಿ ಹಿಡಿದು ಕಟ್ಟೆಯ ಮೇಲೆ ಕುಳಿತರು. ಇಂಗ್ಲಿಷಿನ ಇರುವೆಯಂಥ ಅಕ್ಷರಗಳನ್ನು ಓದಿ ಓಣಿಯವರಿಗೆ ಪಾಠ ಹೇಳಿದಂತೆ ಹೇಳಿದರು.

“ಕೇಳ್ರಿ. ಬಿಡಿ ಕೀಲಿಲೆ ಬಾಗಿಲಾ ತಗದ್ರ ಗಾಡಿ ನಮ್ಮನ್ನ ಕಳ್ಳ ಅಂತ ತಿಳೀತದ. ಇಪ್ಪತ್ತು ಸೆಕೆಂಡಿನ್ಯಾಗ ಒಳಗ ಹತ್ತಿ, ಅದ ಕೀಲಿ ಸ್ಟಿಯರಿಂಗಿನ ಬುಡಕ ಹಾಕಿ ತಿರುಗಿಸಿ, ಸೀಟಿನ ಕೆಳಗಿನ ಗುಂಡಿ ಒತ್ತಬೇಕು. ಆವಾಗ ಸುಮ್ಮನಾಗ್ತದ. ತಡಾ ಆದ್ರ ಮತ್ತ ಮೊದಲಿಂದ.”

“ಇಪ್ಪತ್ತ ಸೆಕೆಂಡಿನ್ಯಾಗ ನೀವು ಕಟ್ಟಿ ಇಳಿಯೂದ ಕಷ್ಟ,” ಎಂದರು ಶಂಭುಲಿಂಗಪ್ಪ.

ಮೊದಲ ಸಲ ಧೋತರದ ಚುಂಗು ಬಾಗಿಲಿಗೆ ಸಿಕ್ಕಿತು. ಮಾಸ್ತರರು ಒಳಗೆ, ಧೋತರ ಹೊರಗೆ ಆಗುವುದು ಸ್ವಲ್ಪದರಲ್ಲಿ ತಪ್ಪಿತು. ಪ್ಯಾಂಟು ಹಾಕಿಕೊಂಡು ಬಂದರು. ಎರಡನೆಯ ಸಲ ಸೀಟಿನ ಕೆಳಗೆ ಬಗ್ಗಿದಾಗ ಕನ್ನಡಕ ಬಿತ್ತು. ಮೂರನೆಯ ಸಲ ಕೈಗೆ ಸಿಕ್ಕಿದ್ದನ್ನು ಜೋರಾಗಿ ಒತ್ತಿದರು, ಒತ್ತೇ ಒತ್ತಿದರು. ಹೊರಗೆ ತೆಗೆದು ನೋಡಿದರೆ ಅದು ಹಳೆಯ ಮಾಲೀಕರು ಬೀಳಿಸಿಹೋಗಿದ್ದ ಗೋಡಂಬಿ.

ಹನ್ನೊಂದೂಮುಕ್ಕಾಲಾಯಿತು. ಬಾಬಾಸಾಬ ಚೌಕಾಸಿಯ ದನಿಯಲ್ಲಿ, “ಅಲಾರ್ಮ್ ಇದ್ದದ್ದಕ್ಕ ರೇಟ್ ಒಂದೀಟ ಕಡಿಮಿ ಆಗ್ತೈತ್ರಿ,” ಎಂದ.

ಆಗ ದ್ವಾರಕಾಬಾಯಿ ಬುತ್ತಿಯ ಚೀಲ ಹಿಡಿದು ಹೊರಗೆ ಬಂದರು. ಗಂಡನ ಬೆವೆತ ಮುಖ ನೋಡಿದರು. ಅಳತೆಯ ಟೇಪು ನೋಡಿದರು. ಏನನ್ನಿಸಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದ ಸೀಟಿನ ಬಾಗಿಲ ಹತ್ತಿರ ನಿಂತರು.

“ಕನ್ನಡಕಾ ನನ್ನ ಕೈಯಾಗ ಕೊಡ್ರಿ. ಗುಂಡಿ ಕಣ್ಣಿಲೆ ಹುಡಕಬ್ಯಾಡ್ರಿ, ಕೈಲೆ ಹುಡಕ್ರಿ. ನಾ ಎಣಸ್ತೀನಿ.”

ಮಾಸ್ತರರು ಕೀಲಿ ತಿರುಗಿಸಿದರು. ಗಾಡಿ ಕೂಗಿತು. “ಒಂದು,” ಎಂದರು ದ್ವಾರಕಾಬಾಯಿ. “ಎರಡು,” ಎಂದಿತು ಓಣಿ. ಆರಕ್ಕೆ ಮಾಸ್ತರರು ಸೀಟಿನಲ್ಲಿದ್ದರು. ಹತ್ತಕ್ಕೆ ಕೀಲಿ ಬುಡ ಸೇರಿತು. ಹನ್ನೆರಡಕ್ಕೆ ತಿರುಗಿತು. ಹದಿನೈದಕ್ಕೆ ಮಾಸ್ತರರ ತಲೆ ಸ್ಟಿಯರಿಂಗಿನ ಕೆಳಗೆ ಮಾಯವಾಯಿತು. ಹದಿನೇಳಕ್ಕೆ ಬಾಬಾಸಾಬ ಕೂಡ ಅಳತೆ ಬಿಟ್ಟು ಎಣಿಸುತ್ತಿದ್ದ.

“ಹದಿನೆಂಟು—”

ಕೂಗು ನಿಂತಿತು. ಆ ಮೌನದಲ್ಲಿ ಅನ್ನವ್ವನ ಎಮ್ಮೆ ಮೆಲುಕು ಹಾಕುವ ಸಪ್ಪಳ ಕೇಳಿಸಿತು. ಮರುಗಳಿಗೆ ಓಣಿಯೆಲ್ಲ ಚಪ್ಪಾಳೆ. ಮಾಸ್ತರರು ಕೆದರಿದ ಕೂದಲಿನಲ್ಲಿ ಮೇಲೆದ್ದರು. ಮೂವತ್ಮೂರು ವರ್ಷದ ಮಾಸ್ತರಿಕೆಯಲ್ಲಿ ಯಾವ ತರಗತಿಯೂ ಅವರಿಗೆ ಚಪ್ಪಾಳೆ ತಟ್ಟಿರಲಿಲ್ಲ. ಶಂಭುಲಿಂಗಪ್ಪ “ನಾ ವೈರ್ ಬರೋಬ್ಬರಿ ಜೋಡಿಸಿದ್ದಕ್ಕ ಆತು,” ಎಂದರು. ಬಾಬಾಸಾಬ ಟೇಪು ಸುತ್ತಿ ಕಿಸೆಗಿಟ್ಟು, ತಾನೇ ಮುಂದೆ ನಿಂತು ಕೈ ಮಾಡಿ ಗಾಡಿ ತಿರುಗಿಸಿಕೊಟ್ಟ. ದ್ವಾರಕಾಬಾಯಿ ಕನ್ನಡಕ ಮರಳಿ ಕೊಟ್ಟು ಪಕ್ಕದ ಸೀಟಿಗೆ ಹತ್ತಿದರು. ಹನ್ನೆರಡಕ್ಕೆ ಏಳು ನಿಮಿಷ ಇರುವಾಗ ಮನಿಗಾಡಿ ಅಗಸಿಯ ಹೆಬ್ಬಾಗಿಲು ದಾಟಿತು.

ನವಲಗುಂದದ ರಸ್ತೆಯ ಎರಡೂ ಕಡೆ ಎರೆಹೊಲದಲ್ಲಿ ಕಡಲೆ ಹಸಿರಾಗಿತ್ತು. ಮಾಸ್ತರರು ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈಯಲ್ಲಿ ಭೂಗೋಳ ಹಿಡಿದು ಮಣ್ಣಿನ ಗುಣ ವರ್ಣಿಸುತ್ತ ನಡೆದರು. ದ್ವಾರಕಾಬಾಯಿ ಹೂಂ ಎನ್ನುತ್ತ ಕಿಟಕಿಗೆ ಮುಖ ಕೊಟ್ಟು ಕುಳಿತಿದ್ದರು.

ನವಲಗುಂದ ಬಸ್‌ಸ್ಟ್ಯಾಂಡಿನ ಹತ್ತಿರ ಎಂಜಿನ್ ಬಂದ್ ಮಾಡಿ ಇಬ್ಬರೂ ಚಹಾಕ್ಕೆ ಇಳಿದರು. ಬಾಗಿಲು ಮುಚ್ಚಿ ಅರ್ಧ ನಿಮಿಷವಾಗಿರಬೇಕು, ಗಾಡಿ ತಾನಾಗಿಯೇ ಎರಡು ಸಲ ಕಣ್ಣು ಹೊಡೆಯಿತು. ಮಾಸ್ತರರು ಅದನ್ನು ಸಲಿಗೆ ಎಂದುಕೊಂಡರು. ಚಹಾ ಕುಡಿದು ಬಂದು ಕೀಲಿ ತಿರುಗಿಸಿದರೆ ಅದೇ ಕೂಗು. ಹದಿನಾಲ್ಕಕ್ಕೇ ಗುಂಡಿ ಒತ್ತಿದರು, ನಿಜ. ಆದರೆ ಅಷ್ಟರಲ್ಲಿ ಅರ್ಧ ಬಸ್‌ಸ್ಟ್ಯಾಂಡು ಸುತ್ತ ನಿಂತಿತ್ತು. ಒಬ್ಬ ಕಂಡಕ್ಟರು ಮಾಸ್ತರರ ರಟ್ಟೆ ಹಿಡಿದೇ ಬಿಟ್ಟಿದ್ದ.

“ಬಿಡಪಾ ಅವರನ್ನ. ಗಾಡಿ ಅವರದ ಅದ, ಗಾಡಿಗೆ ಗೊತ್ತಿಲ್ಲ ಅಷ್ಟ,” ಎಂದು ದ್ವಾರಕಾಬಾಯಿ ಬಿಡಿಸಿದರು.

ಮಾಸ್ತರರು ಎಂಜಿನ್ ಚಾಲೂ ಮಾಡಿ ಕೈಪಿಡಿಯ ಹಾಳೆ ಮಗುಚಿದರು. ಎಂಜಿನ್ ಬಂದಾಗಿ ಬಾಗಿಲು ಮುಚ್ಚಿದರೆ ಅರ್ಧ ನಿಮಿಷಕ್ಕೆ ಗಾಡಿ ತಾನೇ ಕಾವಲಿಗೆ ನಿಲ್ಲುತ್ತದೆ. ಒಳಗೆ ಕುಳಿತವರು ಅಲುಗಿದರೂ ಕೂಗುತ್ತದೆ. ಎಂಜಿನ್ ಓಡುತ್ತಿದ್ದರೆ ಮಾತ್ರ ಸುಮ್ಮನಿರುತ್ತದೆ.

“ಹಂಗಾರ ಹಿಂಗ ಮಾಡೂಣು,” ಎಂದರು ಮಾಸ್ತರರು. “ಎಂಜಿನ್ ಚಾಲೂ ಇರ್ಲಿ. ನೀ ಒಳಗ ಕೂಡು, ನಾ ಇಳದು ಊರು ನೋಡಿ ಬರ್ತೀನಿ.”

“ಚಾಲೂ ಇದ್ದ ಗಾಡ್ಯಾಗ ನನ್ನ ಒಬ್ಬಾಕಿನ್ನ ಕೂಡಿಸಿ? ಅದು ನನ್ನ ಕರಕೊಂಡು ಹೊಂಟಬಿಟ್ರ?”

ಇದಕ್ಕೆ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಹಾಗಾಗಿ ಯಾರೂ ಇಳಿಯಲಿಲ್ಲ.

ಜಮಖಾನ ನೇಯುವವರ ಓಣಿಯಲ್ಲಿ ಗಾಡಿ ಗುರ್ ಎನ್ನುತ್ತ ನಿಂತಿತು. ರೇಷ್ಮಾಬಿ ಎಂಬ ನೇಕಾರ ಹೆಂಗಸು ಬಾಗಿಲಿಗೆ ಬಂದು ನೋಡಿದಳು. ಇಳಿಯಲಾಗದ ಗಿರಾಕಿ ಎಂದು ತಿಳಿದು, ಜಮಖಾನಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊತ್ತು ತಂದು ಕಿಟಕಿಯ ಮುಂದೆ ಬಿಚ್ಚಿದಳು. ನವಿಲಿನದು, ಪಗಡೆಹಾಸಿನದು, ಕೆಂಪಂಚಿನದು. ದ್ವಾರಕಾಬಾಯಿ ಸೀಟಿನಲ್ಲಿ ಕಾಲು ಮಡಚಿಕೊಂಡು ದೇಸಗತಿಯ ದೊಡ್ಡಮನೆಯ ಒಡತಿಯ ಹಾಗೆ ಬೆರಳು ಮಾಡಿ, ನವಿಲಿನದನ್ನು ಆರಿಸಿದರು. ಆಮೇಲೆ ಮಿರ್ಚಿ ಬಂತು ಕಿಟಕಿಗೆ, ಬಾಳೆಹಣ್ಣು ಬಂತು, ಹೂ ಬಂತು. ಚೌಕದಲ್ಲಿ ಮಾಸ್ತರರ ಹಳೆಯ ಶಿಷ್ಯ ಸಂಗನಬಸವ ಕಂಡ. “ಸರ್, ಇಳೀರಿ, ಮನೀಗೆ ಬರ್ರಿ, ಎಷ್ಟ ವರ್ಷ ಆತು,” ಎಂದು ಕೈ ಹಿಡಿದ. ಮಾಸ್ತರರ ಕಾಲು ತಾನಾಗಿಯೇ ಬಾಗಿಲ ಕಡೆ ಹೋಗಿ, ಎಂಜಿನ್ನಿನ ನೆನಪಾಗಿ ಹಿಂದೆ ಬಂತು.

ಮರಳಿ ಬರುವಾಗ ಅವರಿಗೆ ಸಂಕಟವಾಯಿತು. ಮೊದಲ ಪ್ರವಾಸವನ್ನೇ ಹೆಂಡತಿಗೆ ಪಂಜರದಲ್ಲಿ ಮಾಡಿಸಿದೆನಲ್ಲ ಎಂದು.

“ಬ್ಯಾಸರ ಮಾಡ್ಕೋಬ್ಯಾಡ,” ಎಂದರು. “ಚಹಾದ ಅಂಗಡ್ಯಾಗ ಕೂತಾಗ ಪುಣೆದ ರಿಮೋಟ್ ಅಂಗಡಿಗೆ ಫೋನ್ ಮಾಡೀನಿ. ಹೊಸಾ ರಿಮೋಟ್ ಹದಿನೈದು ದಿನದಾಗ ಬರ್ತದ. ಆಮ್ಯಾಲೆ ಎಲ್ಲಿ ಬೇಕಂದ್ರ ಅಲ್ಲಿ ಇಳಿಯೂಣು.”

ದ್ವಾರಕಾಬಾಯಿ ತಿರುಗಿ ನೋಡಿದರು. “ಬ್ಯಾಡ ಅಂತ ಹೇಳ್ರಿ.”

“ಅಂದ್ರ?”

“ಲಗ್ನ ಆಗಿ ಮೂವತ್ತೆಂಟು ವರ್ಷ ಆತು. ಬಸ್ಸಿನ್ಯಾಗ ಎಲ್ಲಿಗೆ ಹೋದ್ರೂ ‘ಒಂದ ನಿಮಿಷ ಬಂದೆ’ ಅಂತ ಸ್ಟ್ಯಾಂಡಿಗೊಮ್ಮೆ ಇಳೀತೀರಿ. ಗುರ್ತಿನವರು ಸಿಕ್ರ ಮುಗೀತು. ನಾ ಚೀಲಾ ಕಾಯ್ಕೋತ ಕೂಡೂದು, ಡ್ರೈವರ್ ಹಾರ್ನ್ ಹೊಡಿಯೂದು. ಇವತ್ತ ಮೂರ ತಾಸು ನನ್ನ ಬಾಜೂಕ ಅಲಗದ ಕೂತೀರಿ. ಊರೆಲ್ಲಾ ನನ್ನ ಕಿಟಕಿಗೆ ಬಂತು.” ನವಿಲಿನ ಜಮಖಾನವನ್ನು ತೊಡೆಯ ಮೇಲೆ ಸವರಿದರು. “ಮಾತು ಅಂದ್ರ ಮಾತು. ಎಲ್ಲಿಗೆ ಕರೀರಿ, ಬರ್ತೀನಿ. ನಾಳೆ ಕುಂದಗೋಳ, ನಾಡದ ಕಲಘಟಗಿ. ನೀವು ಎಂಜಿನ್ ಬಂದ್ ಮಾಡಬ್ಯಾಡ್ರಿ ಅಷ್ಟ.”

ಮಾಸ್ತರರು ಬಾಯಿ ತೆರೆಯುವುದರೊಳಗೆ ಅವರ ಕಿಸೆಯಿಂದ ಮೊಬೈಲ್ ತೆಗೆದು, ಪುಣೆಯ ಅಂಗಡಿಗೆ ದ್ವಾರಕಾಬಾಯಿಯೇ ಫೋನ್ ಹಚ್ಚಿ ರಿಮೋಟ್ ಬೇಡವೆಂದು ಹೇಳಿದರು. ಅವರ ಮರಾಠಿ ಮಾಸ್ತರರ ಇಂಗ್ಲಿಷಿಗಿಂತ ಸ್ಪಷ್ಟವಾಗಿತ್ತು.