ಬಳೆ ತೊಟ್ಟುಕೊಳ್ಳಿ ಎಂದ ಮೇಲೆ

ಕೆಲವರಿಗೆ ಧೈರ್ಯ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಮೈಕ್ ಹಿಡಿದಾಗ ಬರುತ್ತದೆ. ಮನೆಯಲ್ಲಿ ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಹೇಳುವ ಎದೆಗಾರಿಕೆ ಇಲ್ಲದವನು ನಾನು. ದಾದರಿನ ಪ್ರೆಸ್ಸಿನಲ್ಲಿ ಸೂಪರ್‌ವೈಸರ್ ಅನ್ನಿಸಿಕೊಂಡಿದ್ದರೂ ಮಷಿನ್ ನಡೆಸುವವರು ಹೇಳಿದ್ದಕ್ಕೆ ತಲೆಯಾಡಿಸುವುದೇ ನನ್ನ ಮುಖ್ಯ ಕೆಲಸ. ಆದರೆ ನಮ್ಮ ಕುರ್ಲಾದ ಬಿಲ್ಡಿಂಗಿನ ಸೊಸೈಟಿ ಮೀಟಿಂಗ್ ಒಂದು ಬಂತೆಂದರೆ, ಗಣಪತಿ ಮಂಡಳದವರಿಂದ ಕಡ ತಂದ ಆ ಹಳೆಯ ಮೈಕು ಕೈಗೆ ಸಿಕ್ಕಿತೆಂದರೆ, ನಾನು ಬೇರೆಯೇ ಮನುಷ್ಯ. ಅರ್ಧ ಮರಾಠಿ, ಕಾಲು ಹಿಂದಿ, ಉಳಿದ ಕಾಲು ಸಿಟ್ಟಿನಲ್ಲಿ ಹಾಗೇ ನುಗ್ಗಿ ಬರುವ ಕನ್ನಡ, ಎಲ್ಲವನ್ನೂ ಕಲಸಿ ಮಾತಾಡುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆಗೆ ಸೋತು ಕೆಟ್ಟವರಲ್ಲಿ ನಾನು ಮೊದಲನೆಯವನೇನಲ್ಲ ಎಂಬುದಷ್ಟೇ ನನ್ನ ಸಮಾಧಾನ.

ಆ ಭಾನುವಾರದ ಮೀಟಿಂಗ್ ನೀರಿನದು. ನಾವಿರುವುದು ನಾಲ್ಕನೇ ಮಹಡಿ. ಕೆಳಗಿನವರ ನಲ್ಲಿಯಲ್ಲಿ ನೀರು ಧೋ ಎಂದು ಸುರಿಯುವಾಗ ನಮ್ಮ ನಲ್ಲಿ ಒಂದಷ್ಟು ಹೊತ್ತು ಬುಸುಗುಟ್ಟಿ, ಕೆಮ್ಮಿ, ಆಮೇಲೆ ಸುಮ್ಮನಾಗುತ್ತದೆ. ಸೆಕ್ರೆಟರಿ ಸಾವಂತ್ ಸಾಹೇಬರು ಬಹಳ ಮೆತ್ತಗಿನ ಜೀವ. ವಾರ್ಡ್ ಆಫೀಸಿಗೆ ಹೋಗಿ ಬರುತ್ತಾರೆ, ಏನಾಯಿತೆಂದು ಕೇಳಿದರೆ "ಅಲ್ಲಿಯವರು ಚಹಾ ಕೊಟ್ಟರು" ಅನ್ನುತ್ತಾರೆ. ಅವತ್ತೂ ಅದನ್ನೇ ಅಂದರು. ನನಗೆ ಎಲ್ಲಿತ್ತೋ ಸಿಟ್ಟು, ಮೈಕ್ ಕಸಿದುಕೊಂಡು ಗುಡುಗಿದೆ: "ಸಾವಂತ್ ಸಾಹೇಬ್, ತುಮಚ್ಯಾನೇ ಹೋತ್ ನಸೇಲ್ ತರ್ ಬಾಂಗಡ್ಯಾ ಭರಾ!" ನಿಮ್ಮ ಕೈಲಾಗದಿದ್ದರೆ ಬಳೆ ತೊಟ್ಟುಕೊಳ್ಳಿ ಎಂದು. ಈ ಊರಲ್ಲಿ ಇದು ಹೊಸ ಮಾತಲ್ಲ. ಮೋರ್ಚಾದವರು ಸರಕಾರಿ ಸಾಹೇಬರ ಟೇಬಲ್ಲಿನ ಮೇಲೆ ಬಳೆ ಸುರಿದು ಬರುವುದನ್ನು ಎಲ್ಲರೂ ನೋಡಿದವರೇ. ಚಪ್ಪಾಳೆ ಬಿತ್ತು, ನಗು, ಸಿಳ್ಳೆ ಕೂಡ. ಸಾವಂತ್ ಸಾಹೇಬರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಮಾತು ಮುಂದುವರಿಸದೆ ಮೀಟಿಂಗನ್ನು ಮುಂದಿನ ಭಾನುವಾರಕ್ಕೆ ಹಾಕಿದರು. ನಾನು ಮೆಟ್ಟಿಲು ಹತ್ತಿದ್ದು ಗೆದ್ದ ಪೈಲ್ವಾನನ ಹಾಗೆ.

ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಹೆಂಡತಿ ಗಿರಿಜಾ ಕೂತಿದ್ದಳು ಎಂಬುದು ಆ ಗದ್ದಲದಲ್ಲಿ ಮರೆತೇ ಹೋಗಿತ್ತು.

ಮರುದಿನ ಬೆಳಿಗ್ಗೆ ಚಹಾ ಕೊಟ್ಟಳು. ಏನೋ ಕೊರತೆ ಅನ್ನಿಸಿತು. ಸಕ್ಕರೆ ಸರಿಯಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು, ಸದ್ದಿಲ್ಲ. ಮದುವೆಯಾದಾಗಿನಿಂದ ನಮ್ಮ ಮನೆಯ ಬೆಳಗು ಆಗುವುದು ಅವಳ ಗಾಜಿನ ಬಳೆಯ ಸದ್ದಿನಿಂದ. ನೋಡುತ್ತೇನೆ, ಎರಡೂ ಕೈ ಬೋಳು. ನಾವು ಜಮಖಂಡಿ ಕಡೆಯವರು. ನಮ್ಮಲ್ಲಿ ಮುತ್ತೈದೆ ಕೈಯಲ್ಲಿ ಬಳೆ ಇಲ್ಲ ಎಂದರೆ ಏನರ್ಥ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬಳೆ ಒಡೆದರೂ ನಮ್ಮವ್ವ 'ಒಡೀತು' ಅನ್ನುತ್ತಿರಲಿಲ್ಲ, 'ಹೆಚ್ಚಾತು' ಅನ್ನುತ್ತಿದ್ದಳು. ಅಂಥ ಮನೆಯಲ್ಲಿ, ಬಿಪಿ ಗುಳಿಗೆ ನುಂಗುತ್ತ ಜೀವಂತ ಕೂತಿರುವ ನನ್ನ ಎದುರಿಗೇ ಬೋಳುಗೈ!

"ಬಳಿ ಎಲ್ಲಿ?" ಎಂದೆ.

"ತಗದಿಟ್ಟೀನ್ರಿ."

"ಯಾಕ?"

"ಕೈಲಾಗದವರು ಹಾಕ್ಕೊಳ್ಳೋ ಸಾಮಾನು ಅಂತ ನೀವ ಮೈಕ್‌ನ್ಯಾಗ ಹೇಳಿದ್ರಲ್ಲ. ಮಂದಿ ಚಪ್ಪಾಳಿ ಸೈತ ಹೊಡದ್ರು. ಸಾವಂತ್ ಸಾಹೇಬರಿಗೆ ನಾಚಿಗಿ ಆಗೋದು ನನಗ್ಯಾಕ ಆಗಬಾರದು?"

"ಅದು ಹಂಗ ಮಾತಿಗೆ ಅಂದದ್ದು ಮಾರಾಯ್ತಿ. ಹೆಣ್ಣುಮಕ್ಕಳಿಗೆ ಅಂದದ್ದಲ್ಲ. ಆ ಮಾತು ಆಡುವಾಗ ಯಾರಿಗೂ ಹೆಣ್ಣುಮಕ್ಕಳ ನೆನಪ ಇರೂದಿಲ್ಲ."

ಒಳಕೋಣೆಯಿಂದ ಮಗಳು ಪಲ್ಲವಿ ಬಂದಳು. ಲಾ ಕಾಲೇಜಿಗೆ ಹೋಗುವ ಹುಡುಗಿ, ಕನ್ನಡದಲ್ಲಿ ನಿಧಾನ, ವಾದದಲ್ಲಿ ಅಲ್ಲ. "ಪಪ್ಪಾ, ಒಂದು ಸಿಂಪಲ್ ಕ್ವೆಶ್ಚನ್. ಯಾರಿಗೂ ನೆನಪು ಇಲ್ಲ ಅಂದ್ರೆ, ಫಿರ್ ಸಬ್ ಲೋಗ್ ನಕ್ಕಿದ್ದು ಯಾಕೆ?" ಎಂದಳು. ನಾನು ಪ್ರೆಸ್ಸಿಗೆ ತಡವಾಯಿತೆಂದು ಹೊರಟೆ.

ಲೋಕಲ್‌ನಲ್ಲಿ ಅವತ್ತು ಕಿವಿ ತೆರೆದು ನಿಂತೆ. ಸೀಟಿಗಾಗಿ ಇಬ್ಬರು ಜಗಳಕ್ಕೆ ಬಿದ್ದಿದ್ದರು. ಕುರ್ಲಾದಿಂದ ದಾದರ್‌ವರೆಗೂ ಬೈದಾಡಿದರು, ಆದರೆ ಒಬ್ಬನೂ ಇನ್ನೊಬ್ಬನಿಗೆ ಬೈಯಲಿಲ್ಲ. ಇವನು ಅವನ ತಾಯಿಗೆ, ಅವನು ಇವನ ಅಕ್ಕನಿಗೆ. ಆ ಹೆಂಗಸರು ಪಾಪ, ಎಲ್ಲೋ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿರಬಹುದು. ಸೀಟು ಬೇಕಾಗಿದ್ದು ಇವರಿಗೆ, ಮರ್ಯಾದೆ ಹೋದದ್ದು ಅವರದು. ಇದು ಅನ್ಯಾಯ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಆ ಇಬ್ಬರಿಗೆ ಹೇಳಲು ಮೈಕ್ ಇರಲಿಲ್ಲ.

ಮನೆಯ ಪರಿಸ್ಥಿತಿ ಮಾತ್ರ ದಿನದಿನಕ್ಕೆ ಬಿಗಡಾಯಿಸಿತು. ಗಿರಿಜಾ ನಕ್ಕಳು, ಮಾತಾಡಿದಳು, ಜೋಳದ ರೊಟ್ಟಿ ತಟ್ಟಿದಳು, ಎಲ್ಲ ಬೋಳುಗೈಯಲ್ಲೇ. ಮಾರ್ಕೆಟ್ಟಿಗೂ ಹಾಗೇ ಹೋದಳು. ಬಿಲ್ಡಿಂಗಿನ ಹೆಂಗಸರು ಮೊದಲು ಅವಳ ಕೈ ನೋಡುವುದು, ಆಮೇಲೆ ನನ್ನ ಮುಖ ನೋಡುವುದು ಶುರುವಾಯಿತು. ಬುಧವಾರ ಸಂಜೆ ಮೂರನೇ ಮಹಡಿಯ ವಾರಿಜಕ್ಕ ಎಳನೀರು ಹಿಡಿದುಕೊಂಡೇ ಬಂದರು. ಅವರು ಉಡುಪಿ ಕಡೆಯವರು. ಬಾಗಿಲಲ್ಲಿ ನಿಂತು ಕತ್ತು ಉದ್ದ ಮಾಡಿ ಒಳಗೆ ನೋಡಿ, ಸೋಫಾದ ಮೇಲೆ ನನ್ನನ್ನು ಕಂಡು, "ಓ, ಇದ್ದಾರಲ್ಲ!" ಎಂದರು. ದನಿಯಲ್ಲಿ ನಿಜವಾದ ಸಂತೋಷವಿತ್ತು. "ಏನಿಲ್ಲ ಮಾರಾಯ್ರೆ, ಗಿರಿಜಕ್ಕನ ಕೈ ನೋಡಿ ನನಗೆ ಎಂತದೋ ಹೆದರಿಕೆ ಆಯ್ತು. ಹುಷಾರಿದ್ದೀರಲ್ಲ?" ನಾನು ಹುಷಾರಾಗಿದ್ದೇನೆ ಎಂದು ಹೇಳಿದೆ. ಹೇಳಿದ ಮೇಲೆ ನನಗೇ ಅನುಮಾನ ಬಂದು, ಅವರು ಹೋದೊಡನೆ ಬಿಪಿ ನೋಡಿಕೊಂಡೆ. ಹೆಚ್ಚಾಗಿತ್ತು.

ನಗಬೇಡಿ. ನಾನು ಮೂಢನಂಬಿಕೆಯವನಲ್ಲ. ಬೆಕ್ಕು ಅಡ್ಡ ಬಂದರೆ ದಾಟಿ ಹೋಗುತ್ತೇನೆ, ಬೆಕ್ಕು ಮೊದಲು ಪೂರ್ತಿ ಹೋಗಲಿ ಎಂದು ಒಂದಿಷ್ಟು ಕಾಯುತ್ತೇನೆ ಅಷ್ಟೇ. ಆದರೂ ಈ ಬಳೆಯ ಲೆಕ್ಕ ಎಂಥದ್ದು ನೋಡಿ. ಸಾವಂತರ ಕೈಗೆ ಹಾಕಿದರೆ ಅವಮಾನ; ನನ್ನ ಹೆಂಡತಿಯ ಕೈಯಿಂದ ತೆಗೆದರೆ ನನ್ನ ಆಯುಷ್ಯಕ್ಕೇ ಸಂಚಕಾರ. ಒಂದೇ ಗಾಜು! ಈ ಮಾತನ್ನು ಪಲ್ಲವಿಗೆ ಹೇಳಿದರೆ ಅವಳು ಹುರುಪುಗೊಳ್ಳುತ್ತಾಳೆ ಎಂದು ಹೇಳಲಿಲ್ಲ.

ಶುಕ್ರವಾರ ಸೋತೆ. ಗಿರಿಜಾ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಹತ್ತಿರ ಹೋಗಿ, "ಆತು, ತಪ್ಪಾತು. ಆ ಮಾತು ಹಿಂದ ತಗೊಂಡೆ. ಇನ್ನ ಬಳಿ ಹಾಕ್ಕೋ" ಎಂದೆ.

ಅವಳು ಒಲೆ ಸಣ್ಣ ಮಾಡಿದಳು. "ಆಡೂದು ಮಂದಿ ಮುಂದ, ಹಿಂದ ತಗೊಳ್ಳೂದು ಅಡಗಿಮನ್ಯಾಗ?"

"ಮೀಟಿಂಗ್‌ನ್ಯಾಗ ಹೇಳಿದ್ರ ನನ್ನ ಮರ್ಯಾದಿ ಏನಾಗಬೇಕು?"

"ನನ್ನ ಮರ್ಯಾದಿ ಏನಾಗಿತ್ತೋ ಅದ ಆಗತೈತಿ, ಏನೂ ಸಾಯಂಗಿಲ್ಲ. ನೋಡ್ರಿ, ಆ ನೀರು ಬರಲಿ ಅಂತ ನಸುಕಿನ್ಯಾಗ ಎದ್ದು ನಲ್ಲಿ ಮುಂದ ಕೂಡಾಕಿ ನಾನು. ಬಾಲ್ದಿ ಹೊತ್ತು ಮೆಟ್ಟಲಾ ಏರಾಕಿ ನಾನು. ನನಗ ನೀರು ತರ್ತೀನಿ ಅಂತ ಎದ್ದು ನಿಂತು ನನ್ನ ಕೈಗೇ ಬೈದ್ರಿ. ಭಾಳ ಬ್ಯಾಸರಾತ್ರಿ ನನಗ." ಕಣ್ಣಲ್ಲಿ ನೀರಿತ್ತು. ಒಗ್ಗರಣೆಯದು ಎಂದುಕೊಳ್ಳಲು ಪ್ರಯತ್ನಿಸಿದೆ, ಆಗಲಿಲ್ಲ. ನಿಜ ಹೇಳುತ್ತೇನೆ, ಆಗ ನನಗೆ ನನ್ನ ಆಯುಷ್ಯದ ಚಿಂತೆ ಹೋಗಿ ನಾಚಿಕೆ ಶುರುವಾಯಿತು.

ಶನಿವಾರ ಪೂರ್ತಿ ಭಾಷಣದ ತಯಾರಿ. ಮಾತು ಹಿಂದೆ ತೆಗೆದುಕೊಳ್ಳಬೇಕು, ಆದರೆ ಸಾವಂತರನ್ನು ಸುಮ್ಮನೆ ಬಿಡಲೂ ಬಾರದು. ಹೆಂಗಸರಿಗೆ ತಾಗದ ಒಂದು ಖಡಕ್ ಬೈಗುಳ ಬೇಕು. ಹುಡುಕಿದೆ. ಕನ್ನಡದಲ್ಲಿ 'ಮಗನೇ' ಎಂದು ಮುಗಿಯುವುದೆಲ್ಲ ಸೀದಾ ತಾಯಿಗೇ ಹೋಗಿ ಮುಟ್ಟುತ್ತದೆ. ಹಿಂದಿಯಲ್ಲಿ ತಾಯಿಯ ಜೊತೆ ಅಕ್ಕತಂಗಿಯರೂ ಬರುತ್ತಾರೆ. ಮರಾಠಿಯಲ್ಲೂ ಅದೇ ಮನೆತನ. 'ಗಂಡಸಾದರೆ ಬಾ' ಎನ್ನೋಣವೆಂದರೆ ಅದೂ ತಿರುಗಿ ಅಲ್ಲಿಗೇ ಬರುತ್ತದೆ. ಕತ್ತೆ, ಎಮ್ಮೆ ಎಂದು ಪ್ರಾಣಿಗಳ ಕಡೆ ಹೋದೆ. ಎಮ್ಮೆಯೂ ಹೆಣ್ಣೇ ಎಂದು ಹೊಳೆದು ಕೈಬಿಟ್ಟೆ. ಮೂರು ಭಾಷೆ ಬಲ್ಲವನೆಂದು ಬೀಗುತ್ತಿದ್ದ ನಾನು ಸಂಜೆಯ ಹೊತ್ತಿಗೆ ಪೂರಾ ಮೂಕನಾಗಿದ್ದೆ.

ಭಾನುವಾರ ಮೈಕ್ ಹಿಡಿದೆ. ಜನ ಹೊಸ ಪಟಾಕಿಗಾಗಿ ಮುಂದೆ ಬಾಗಿ ಕೂತರು. "ಹೋದ ವಾರ ಸಾವಂತ್ ಸಾಹೇಬರಿಗೆ ಬಳೆ ತೊಟ್ಟುಕೊಳ್ಳಿ ಎಂದೆ. ಅದು ತಪ್ಪು. ನಮ್ಮೆಲ್ಲರ ಮನೆಗೆ ನೀರು ಹೊರುವ ಕೈಗಳಿಗೆ ನಾನು ಮಾಡಿದ ಅವಮಾನ ಅದು. ಮಾತು ಹಿಂದೆ ತೆಗೆದುಕೊಳ್ಳುತ್ತೇನೆ, ಸಾಹೇಬರಲ್ಲೂ ಇಲ್ಲಿರುವ ಹೆಣ್ಣುಮಕ್ಕಳಲ್ಲೂ ಕ್ಷಮೆ ಕೇಳುತ್ತೇನೆ" ಎಂದೆ. ಚಪ್ಪಾಳೆ ಬೀಳಲಿಲ್ಲ. ಮುಂದಿನ ಸಾಲಿನ ಒಬ್ಬರು ಬೇಸರದಿಂದ ಮೊಬೈಲ್ ತೆಗೆದು ನೋಡತೊಡಗಿದರು. ಸಾವಂತ್ ಸಾಹೇಬರು ಎದ್ದು, "ನನಗೂ ಬೇಜಾರಾಗಿತ್ತು, ಪಾಟೀಲ್. ನಮ್ಮ ಆಯಿ ಕೈತುಂಬ ಬಳೆ ತೊಟ್ಟು ದಾದರ್ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ನಮ್ಮನ್ನು ಸಾಕಿದವಳು. ಮನೆಗೆ ಹೋಗಿ ಅವಳ ಫೋಟೋ ನೋಡಿದೆ" ಎಂದರು. ಆಮೇಲೆ ಕೇಳಿದರು, "ಅದಿರಲಿ, ನಿಮ್ಮ ತಕರಾರು ಏನು?"

ಬೈಗುಳವೆಲ್ಲ ತೆಗೆದ ಮೇಲೆ ನನ್ನ ಭಾಷಣದಲ್ಲಿ ಉಳಿದದ್ದು ಇಷ್ಟೇ: "ನಮ್ಮ ಕಡೆಯ ಪೈಪಿನ ವಾಲ್ವ್ ಕೆಟ್ಟಿರಬೇಕು, ಪ್ಲಂಬರನ್ನು ಕರೆಸಿ ನೋಡಿಸಿ."

"ಅರೆ! ಇದನ್ನು ಹೋದ ವಾರವೇ ಹೇಳಬಾರದಿತ್ತೆ?" ಎಂದರು ಸಾವಂತ್ ಸಾಹೇಬರು. "ನಾನು ವಾರ್ಡ್ ಆಫೀಸಿಗೆ ಅಲೆಯುತ್ತಿದ್ದೆನಲ್ಲ."

ಮಂಗಳವಾರ ವಾಲ್ವ್ ಬದಲಾಯಿತು. ನೀರು ಧೋ ಎನ್ನದಿದ್ದರೂ ನಲ್ಲಿಯ ಕೆಮ್ಮು ನಿಂತಿದೆ. ಅದೇ ಸಂಜೆ ಗಿರಿಜಾ ತಾನಾಗಿಯೇ, "ನಡೀರಿ, ಬಳಿ ಇಡಿಸ್ಕೊಂಡು ಬರೋಣು. ಹಳೇವು ಬ್ಯಾಡ" ಎಂದಳು. ನನಗಾದ ಆನಂದ ಹೇಳತೀರದು. ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಅವಳು ಸ್ಟೂಲಿನ ಮೇಲೆ ಕೂತಳು, ನಾನು ಚೀಲ ಹಿಡಿದು ಪಕ್ಕದಲ್ಲಿ ನಿಂತೆ. ಬಳೆಗಾರ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಅವಳ ಬೆರಳಗಂಟು ದಾಟಿಸಿ ಏರಿಸುತ್ತಿದ್ದರೆ ನನ್ನ ಜೀವ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ಬಲಗೈ ತುಂಬಿತು. ಅವನು ಎಡಗೈಗೆ ಕೈ ಚಾಚಿದ.

ಗಿರಿಜಾ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡು ಎದ್ದು ನಿಂತಳು. "ಸದ್ಯಕ್ಕ ಒಂದ ಕೈಗೆ ಸಾಕು. ಇನ್ನೊಂದು ಕೈಗೆ, ಇವರ ಮುಂದಿನ ಮೀಟಿಂಗ್ ಆಗಲಿ, ನೋಡಿ ಬರ್ತೀನಿ."

ಮುಂದಿನ ಮೀಟಿಂಗ್ ಇರುವುದು ಗಣಪತಿ ಹಬ್ಬ ಮುಗಿದ ಮೇಲೆ. ಅಲ್ಲಿಯವರೆಗೆ ಅರ್ಧ ಆಯುಷ್ಯದಲ್ಲೇ ಹೇಗೋ ಸುಧಾರಿಸಿಕೊಂಡು ಹೋಗುತ್ತಿದ್ದೇನೆ.